ನಾಲ್ಕು ಮಂದಿಗೆ ಒಂದೇ ಎಲೆ

ಗಂಟಲಿನ ಆಪರೇಷನ್ ಆದ ಮೇಲೆ ನಮ್ಮ ಸೋದರತ್ತೆಯ ದನಿ ಸಣ್ಣಗಾಯಿತು. ಪೂರ್ತಿ ಹೋಗಲಿಲ್ಲ, ಸಣ್ಣಗಾಯಿತು ಅಷ್ಟೇ. ಸತ್ತೂರಿನ ಆಸ್ಪತ್ರೆಯಲ್ಲಿ ಡಾಕ್ಟರು, "ಮಾತಾಡ್ರಿ, ಆದ್ರ ಜೋರ್ ಮಾಡಬ್ಯಾಡ್ರಿ" ಎಂದು ಹೇಳಿ ಕಳಿಸಿದ್ದರು. ಮನೆಯ ಮಾತಿಗೆ ಆ ದನಿ ಸಾಕಿತ್ತು. ಭಜನೆಗೆ ಸಾಲುತ್ತಿರಲಿಲ್ಲ.

ಸಪ್ತಾಪುರದ ಅತ್ತೆಯ ಮನೆಯಲ್ಲಿ ಶ್ರಾವಣ ಸೋಮವಾರಗಳಂದು ಓಣಿಯ ಹೆಂಗಸರು ಸೇರಿ ವಚನ ಹಾಡುತ್ತಾರೆ. ತಾಳ ಹಿಡಿದು ಮೊದಲ ಸಾಲು ಎತ್ತುವವರು ಯಾವಾಗಲೂ ಅತ್ತೆಯೇ. ಹೋದ ವರ್ಷ ಅದು ಎದುರುಮನೆಯ ಕಾಕುವಿನ ಕೈಗೆ ಹೋಯಿತು. ಕಾಕು ಒಳ್ಳೆಯವರು, ಆದರೆ ಭಾರೀ ಅವಸರ. ಅತ್ತೆಯ ಗಂಡ, ನಮ್ಮ ಮಾಮಾ, ಹೊರಗೆ ಕೂತು, "ಭಜನಿ ಅಲ್ಲವಾ ಇದು, ಬಸ್ ತಪ್ಪಿದವರ ಓಟ" ಎಂದು ನಗಿಸಿದರು. ಅತ್ತೆಯೂ ನಕ್ಕರು. ಆಮೇಲೆ ಗೋಡೆಗೆ ಒರಗಿ, ದನಿಯಿಲ್ಲದೆ ಬರೀ ತುಟಿ ಆಡಿಸುತ್ತ ಕೂತರು.

ಈ ವರ್ಷ ಶ್ರಾವಣ ಹತ್ತಿರ ಬಂದಾಗ ಅತ್ತೆ ತಾಳವನ್ನು ಒರೆಸುತ್ತ, "ಇದನ್ನ ಎದುರುಮನ್ಯಾಕಿಗೇ ಕೊಟ್ಟುಬಿಡ್ತೇನಿ. ವರ್ಷಾ ವರ್ಷಾ ಕೇಳಿ ಇಸ್ಕೊಳ್ಳೂದ್ಯಾಕ?" ಎಂದರು.

"ಸ್ವಲ್ಪ ತಡೀರಿ ಅತ್ತಿ," ಎಂದೆ. ಬಾಯಿಂದ ಬಂದುಬಿಟ್ಟಿತು.

ಅವರ ಮನೆಯಲ್ಲಿದ್ದುಕೊಂಡು ನಾನು ಓದುತ್ತಿರುವುದು ಬಿ.ಕಾಂ. ಸರ್ಕ್ಯೂಟು ಕಲಿತದ್ದು ವಿಡಿಯೋ ನೋಡಿ, ಕೆಟ್ಟ ಚಾರ್ಜರುಗಳ ಹೊಟ್ಟೆ ಬಗೆದು. ಮಾಮಾ ಆಗಲೇ ಅಂಗಡಿಯಿಂದ ಒಂದು ಡಬ್ಬಿ ತಂದಿದ್ದರು, ಸೊಂಟಕ್ಕೆ ಸ್ಪೀಕರು, ಕೊರಳ ಹತ್ತಿರ ಮೈಕು. ಅದರಲ್ಲಿ ಅತ್ತೆಯ ಉಸಿರು ದೊಡ್ಡದಾಗಿ, ದನಿ ಚಿಕ್ಕದಾಗಿ ಕೇಳುತ್ತಿತ್ತು. "ನನ್ನ ದನಿ ಎಲ್ಲೈತಿ? ಬರೇ ಡಬ್ಬಿ ದನಿ," ಎಂದು ಅತ್ತೆ ಅದನ್ನು ಕಪಾಟಿಗೆ ಸೇರಿಸಿದ್ದರು. ಮೈಕಿಗೂ ಸ್ಪೀಕರಿಗೂ ನಡುವೆ ಒಂದು ಸಣ್ಣ ಸರ್ಕ್ಯೂಟು ಕೂಡಿಸಿ, ಉಸಿರನ್ನು ತಗ್ಗಿಸಿ ದನಿಯನ್ನು ಎತ್ತಬೇಕು. ಇದು ನನ್ನ ಲೆಕ್ಕಾಚಾರ.

ಅದಕ್ಕೆ ಒಂದು ಪುಕ್ಕಟೆ ಸಾಫ್ಟ್‌ವೇರ್ ಇದೆ. ಪರದೆಯ ಮೇಲೆ ಸರ್ಕ್ಯೂಟು ಬರೆದರೆ ಸಾಕು, ಬೆಸುಗೆಯ ಕೆಲಸವೇ ಇಲ್ಲದೆ ಅದು ಹೇಗೆ ನಡೆದುಕೊಳ್ಳುತ್ತದೆಂದು ಲೆಕ್ಕ ಹಾಕಿ ತೋರಿಸುತ್ತದೆ. ಇದಕ್ಕೆ ಸಿಮ್ಯುಲೇಶನ್ ಅನ್ನುತ್ತಾರೆ. ಇನ್ನೂ ಮಜಾ ಏನೆಂದರೆ, ರೆಕಾರ್ಡ್ ಮಾಡಿದ ದನಿಯನ್ನು ಅದಕ್ಕೆ ಕೊಟ್ಟರೆ, ಆ ಸರ್ಕ್ಯೂಟಿನ ಮೂಲಕ ಹಾದು ಬಂದಾಗ ದನಿ ಹೇಗಿರುತ್ತದೋ ಹಾಗೆಯೇ ಹೊಸ ಫೈಲು ಮಾಡಿಕೊಡುತ್ತದೆ! ಅತ್ತೆಯ ಒಂದು ಸಾಲು ಹಾಡನ್ನು ಮೊಬೈಲಿನಲ್ಲಿ ಹಿಡಿದೆ. ಹೊರಗೆ ಬರುವ ಫೈಲಿಗೆ "ಅತ್ತಿ" ಎಂದು ಹೆಸರಿಟ್ಟೆ.

ತೊಂದರೆ ಎಂದರೆ ಒಂದು ಸಿಮ್ಯುಲೇಶನ್ ಮುಗಿಯುವುದರೊಳಗೆ ಚಹಾ ಮಾಡಿ, ಕುಡಿದು, ಕಪ್ಪು ತೊಳೆದಿಡಬಹುದಿತ್ತು. ಒಂದೊಂದು ಬಿಡಿಭಾಗದ ಅಳತೆಯನ್ನು ಬದಲಿಸಿ ಬದಲಿಸಿ ನೋಡುವಷ್ಟರಲ್ಲಿ ಶ್ರಾವಣವೇ ಮುಗಿದೀತು. ಆಗ ಒಂದು ವಿಡಿಯೋದಲ್ಲಿ ಗೊತ್ತಾಯಿತು: ಲ್ಯಾಪ್‌ಟಾಪಿನ ಮಿದುಳಿಗೆ ನಾಲ್ಕು ಕೈ ಇವೆ, ನಾನು ಒಂದಕ್ಕೇ ಕೆಲಸ ಕೊಡುತ್ತಿದ್ದೆ! ಸರ್ಕ್ಯೂಟಿನ ನಾಲ್ಕು ನಕಲು ಮಾಡಿ, ಒಂದೊಂದರಲ್ಲಿ ಬೇರೆ ಬೇರೆ ಅಳತೆ ಹಾಕಿ, ಎಲ್ಲವನ್ನೂ ಒಮ್ಮೆಲೇ ಓಡಿಸಿ, ಕೊನೆಗೆ ಫೈಲುಗಳಿಗೆ ನಂಬರು ಹಚ್ಚುವ ಪುಟ್ಟ ಪ್ರೋಗ್ರಾಂ ಬರೆದೆ. ಲ್ಯಾಪ್‌ಟಾಪಿನ ಫ್ಯಾನು ಗಿರಣಿಯಂತೆ ಹೊಡೆದುಕೊಂಡಿತು.

"ಯವ್ವಾ, ಇದರ ಮ್ಯಾಲ ಎರಡು ರೊಟ್ಟಿ ಸುಟ್ಕೊಳ್ಳೇನು?" ಎಂದರು ಮಾಮಾ. ಎಂದವರೇ ಪಲ್ಯ ಬಡಿಸುವ ಎರಡು ಸ್ಟೀಲಿನ ವಾಟಿ ತಂದು ಬೋರಲು ಹಾಕಿ, ಗಾಳಿಯಾಡಲೆಂದು ಲ್ಯಾಪ್‌ಟಾಪನ್ನು ಅವುಗಳ ಮೇಲೆ ಕೂಡಿಸಿದರು.

ನಾಲ್ಕೂ ಮುಗಿದವು. ಇಬ್ಬರನ್ನೂ ಕೂಡಿಸಿ ಒಂದಾದ ಮೇಲೊಂದು ಕೇಳಿಸಿದೆ.

"ಎಲ್ಲಾ ಛಲೋ ಅದಾವ," ಎಂದರು ಅತ್ತೆ.

"ಹಂಗಲ್ರಿ ಅತ್ತಿ, ಒಂದು ಆರಿಸಿ ಹೇಳ್ರಿ."

"ಹಂಗಾದ್ರ... ಮೂರನೇದು."

"ಛೇ ಛೇ, ಎರಡನೇದರ ಮುಂದ ಮೂರನೇದು ಏನೂ ಅಲ್ಲ," ಎಂದರು ಮಾಮಾ.

"ನಿಮಗ ಒಗ್ಗರಣಿ ಸೀದರೂ ವಾಸನಿ ಬರೂದಿಲ್ಲ. ದನಿ ಏನ್ ತಿಳೀತೈತಿ?"

ಜಗಳ ಚೆನ್ನಾಗಿಯೇ ನಡೆದಿತ್ತು. ನನಗೆ ಮಾತ್ರ ನಾಲ್ಕೂ ಒಂದೇ ಥರ ಕೇಳುತ್ತಿದ್ದವು. ಅಳತೆಗಳನ್ನು ಅಷ್ಟೊಂದು ಬದಲಿಸಿದ್ದೇನಲ್ಲ ಎಂದು ಪರದೆಯ ಮೇಲೆ ನಾಲ್ಕರ ಅಲೆಗಳನ್ನೂ ಒಂದರ ಕೆಳಗೊಂದು ತೆರೆದೆ. ಕೂದಲೆಳೆಯ ವ್ಯತ್ಯಾಸವೂ ಇಲ್ಲ. ಆಗ ಹೊಳೆಯಿತು. ಸರ್ಕ್ಯೂಟಿಗೆ ನಾಲ್ಕು ನಕಲು ಮಾಡಿದ್ದೆ, ಹೊರಗೆ ಬರುವ ಫೈಲಿನ ಹೆಸರನ್ನು ಮಾತ್ರ ಬದಲಿಸಿರಲಿಲ್ಲ. ನಾಲ್ಕೂ "ಅತ್ತಿ" ಎಂಬ ಒಂದೇ ಫೈಲಿಗೆ ಬರೆದಿದ್ದವು. ಕೊನೆಗೆ ಮುಗಿಸಿದ್ದು ಉಳಿದವನ್ನು ಅಳಿಸಿ ತಾನು ಕೂತಿತ್ತು. ನನ್ನ ಪ್ರೋಗ್ರಾಂ ಆ ಒಂದನ್ನೇ ನಾಲ್ಕು ಸಲ ನಕಲು ಮಾಡಿ ನಂಬರು ಹಚ್ಚಿತ್ತು.

ಇಬ್ಬರಿಗೂ ಹೇಳಿದೆ. ಅತ್ತೆ, "ಅಂದ್ರ, ನಾಲ್ಕು ಮಂದೀನ ಪಂಕ್ತಿಗೆ ಕುಂದರಿಸಿ, ಎಲಿ ಒಂದ ಹಾಕೀದಿ," ಎಂದರು.

"ನಾ ನೋಡಿದ್ರ ಇಲ್ಲದ ಎಲ್ಯಾಗ ಉಂಡು, ಹೋಳಗಿ ಛಲೋ ಆಗೇತಿ ಅಂತ ಹೊಗಳಾಕತ್ತೇನಿ!" ಎಂದರು ಮಾಮಾ.

"ಮತ್ತ ನೀವು ಮೂರನೇದು ಅಂದಿದ್ರೆಲ್ಲ ಅತ್ತಿ?"

"ಇಡೀ ದಿನ ಕುಂತು ಮಾಡಿದ ಹುಡುಗೀಗೆ ಏನೂ ಫರಕ್ ಇಲ್ಲ ಅಂತ ಹ್ಯಾಂಗ ಹೇಳ್ಲಿ?"

ಮರುದಿನ ಕಾಲೇಜಿನಿಂದ ಬಂದವಳೇ ಒಂದೊಂದು ಸಿಮ್ಯುಲೇಶನ್ನಿಗೂ ಅದರದೇ ಫೋಲ್ಡರು ಮಾಡಿಕೊಟ್ಟೆ. ಫೋಲ್ಡರುಗಳಿಗೆ ಎಲೆ ಒಂದು, ಎಲೆ ಎರಡು ಎಂದೇ ಹೆಸರು. ಮತ್ತೆ ವಾಟಿ, ಮತ್ತೆ ಗಿರಣಿ. ಈ ಸಲ ಬಂದದ್ದು ಖರೇ ನಾಲ್ಕು ದನಿ! ಒಂದು ಕೊಡದೊಳಗಿಂದ ಬಂದಂತೆ. ಇನ್ನೊಂದು ಮೂಗಿನಲ್ಲಿ. ಮೂರನೆಯದು ಹಳೆಯ ಮದುವೆಯ ವಿಡಿಯೋದಲ್ಲಿರುವ ಅತ್ತೆಯ ದನಿಗೆ ಎಷ್ಟು ಹತ್ತಿರವಿತ್ತೆಂದರೆ ನನಗೆ ಕುಣಿಯಬೇಕೆನಿಸಿತು. ನಾಲ್ಕನೆಯದು ತೆಳ್ಳಗೆ, ಆದರೆ ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಕೇಳುತ್ತಿತ್ತು.

ಅತ್ತೆ ಮೂರನೆಯದನ್ನು ಎರಡು ಸಲ ಕೇಳಿದರು. ಆಮೇಲೆ, "ನಾಲ್ಕನೇದು ಮಾಡು" ಎಂದರು.

"ಅತ್ತಿ, ಮೂರನೇದು ನಿಮ್ಮ ಮೊದಲಿನ ದನೀನ ಐತ್ರಿ!"

"ಹೌದವಾ, ಅದಕ್ಕ ಬ್ಯಾಡ. ಆ ಮೊದಲಿನಾಕಿ ಜೋಡಿ ಹಾಡಾಕ ಹೋದ್ರ ದಣೀತೇನಿ. ಇದು ಈಗಿಂದು. ಇದರ ಜೋಡಿ ಹಾಡ್ತೇನಿ."

ನಾನು ಇಷ್ಟು ದಿನ ಹುಡುಕುತ್ತಿದ್ದದ್ದು ಮೂರನೆಯದನ್ನೇ. ನಾಲ್ಕನೆಯ ಎಲೆ ತೆರೆದು ಅಳತೆಗಳನ್ನು ಬರೆದುಕೊಂಡೆ. ಆ ವಾರವೇ ಸರ್ಕ್ಯೂಟನ್ನು ಬೆಸೆದು, ಮಾಮಾ ತಂದಿದ್ದ ಡಬ್ಬಿಯೊಳಗೆ ಕೂಡಿಸಿದೆ.

ಮೊದಲ ಸೋಮವಾರ ಅತ್ತೆ ಸೆರಗಿಗೆ ಮೈಕು ಸಿಕ್ಕಿಸಿ, ಸೊಂಟಕ್ಕೆ ಡಬ್ಬಿ ಕಟ್ಟಿ, ಕೈಯಲ್ಲಿ ತಾಳ ಹಿಡಿದು ಕೂತರು. ಎದುರುಮನೆಯ ಕಾಕು ಬಂದವರೇ, "ಏನ್ರೀ ಅಕ್ಕಾರ, ಕಂಡಕ್ಟರ್ ಆದ್ರೇನ?" ಎಂದರು.

"ಹೂಂ, ಕುಂದರು. ಈ ಬಸ್ಸು ಸಾವಕಾಶ ಹೋಗ್ತೈತಿ."

ಅತ್ತೆ ಮೊದಲ ಸಾಲು ಎತ್ತಿದರು. ತೆಳ್ಳಗಿನ ದನಿ ಬಾಗಿಲವರೆಗೂ ತಲುಪಿತು. ಹೆಂಗಸರು ಅದನ್ನೇ ತಿರುಗಿ ಹಾಡಿದರು, ಕಾಕು ಕೂಡ, ಅವಸರವಿಲ್ಲದೆ. ಎರಡನೆಯ ವಚನದ ನಡುವೆ ಡಬ್ಬಿ ಒಮ್ಮೆ "ಕುಂಯ್" ಎಂದಿತು. ಅತ್ತೆ ಅದನ್ನು ತುಸು ಬೆನ್ನಿಗೆ ಸರಿಸಿ, ತಾಳ ತಪ್ಪದೆ ಮುಂದುವರಿಸಿದರು.

ಮರುದಿನ ಬೆಳಿಗ್ಗೆ ಆ ಕುಂಯ್ ತೆಗೆಯಲು ನಾನು ಎಂಟು ಎಲೆ ಹಾಕಿದೆ.

"ಎಂಟ ಮಂದಿಗೇನವಾ?" ಎಂದ ಮಾಮಾ ಇನ್ನೆರಡು ವಾಟಿ ತರಲು ಒಳಗೆ ಹೋದರು.