ಮೋಟರ್ ಯಾರ ಮಾತ ಕೇಳತೈತಿ?

ಸುರೇಬಾನದಾಗ ಯಾರದರೆ ಮೋಟರ್ ಸುಟ್ಟಿತಂದ್ರ ಬಾಯಿಂದ ಎರಡ ಮಾತ ಬರತಾವು. ಮೊದಲನೇದು, "ಸತ್ತೆನಪೋ!" ಎರಡನೇದು, "ನಡೀರಿ, ಮಹಾನಂದಕ್ಕನ ಅಂಗಡಿಗೆ ಒಯ್ಯೂಣು."

ಮಹಾನಂದಾ ಹುಟ್ಟಿದ್ದು ಬೈಲಹೊಂಗಲ ಕಡೆ ಸಂಪಗಾಂವದಾಗ. ಅಪ್ಪ ಶಂಕರೆಪ್ಪ ಸುಟ್ಟ ಮೋಟರಿಗೆ ಹೊಸಾ ತಂತಿ ಸುತ್ತೂ ಕೆಲಸದಾಂವ. ಗಂಡಮಗ ಹುಟ್ಟಲಿಲ್ಲಂತ ಅಂವ ಅಳಕೋತ ಕೂಡಲಿಲ್ಲ, ಮಗಳ ಕೈಯಾಗ ತಾಮ್ರದ ತಂತಿ ಕೊಟ್ಟ. ಎಸ್ಸೆಸ್ಸೆಲ್ಸಿ ಮುಗಿಯೂದ್ರಾಗ ಹುಡುಗಿ ಬರೇ ವಾಸನಿ ಮ್ಯಾಲ ಹೇಳತಿದ್ಲು: ಇದು ವೋಲ್ಟೇಜ್ ಬಿದ್ದು ಸುಟ್ಟದ್ದು, ಇದು ನೀರಿಲ್ಲದ ತಿರುಗಿ ಸುಟ್ಟದ್ದು. ಲಗ್ನ ಆಗಿ ಸುರೇಬಾನಕ್ಕ ಬಂದಾಗ ಊರ ಹಿರ್ಯಾರು, "ಹೆಣಮಗಳು ಮೋಟರ್ ಕಟ್ಟತಾಳಂತ, ಕೇಳಿರೇನು!" ಅಂತ ಹೊಟ್ಟಿ ಹಿಡಕೊಂಡು ನಕ್ಕರು. ನಗಲಿ ಬಿಡ್ರಿ. ನಕ್ಕವರ ಮೋಟರ್ ಸುಡೂದಿಲ್ಲೇನು? ಅದ ಬ್ಯಾಸಗಿಯೊಳಗ ನಕ್ಕವರೆಲ್ಲಾ ಅಕಿ ಬಾಗಲದಾಗ ಪಾಳೇಕ ನಿಂತಿದ್ದರು. ಈಗ ಅಕಿಗೆ ನಲವತ್ತಮೂರು, ಅಂಗಡಿಗೆ ಇಪ್ಪತ್ತೊಂದು.

ಅಕಿಗೊಂದು ಚಟ ಐತಿ. ಮನಿಗೆ ಹೊಸಾ ಸಾಮಾನ ಬಂತಂದ್ರ, ಡಬ್ಬಿ ಒಡಿಯೂಕಿಂತ ಮೊದಲ ಎರಡ ಪ್ರಶ್ನಿ ಕೇಳಬೇಕು. "ಇದು ಏನ ತಿಂತೈತಿ? ಯಾರ ಮಾತ ಕೇಳತೈತಿ?" ಕೊಂಡ ದಿನಾ ಕೊಟ್ಟ ರೊಕ್ಕ ಬರೇ ಮೊದಲನೇ ಕಂತು, ಆಮ್ಯಾಲ ವರ್ಷಾನಗಟ್ಟಲೆ ತಿನ್ನೂದ ಖರೇ ಕಿಮ್ಮತ್ತು ಅಂತ ಅಕಿ ಅನ್ನೂದು. ಮಗಳು ಸ್ನೇಹಲ್ ಸವದತ್ತಿ ಕಾಲೇಜಿಗೆ ಹೋಗಾಕಿ. ಒಮ್ಮಿ ಅಗ್ಗಕ್ಕ ಸಿಕ್ಕಿತಂತ ಒಂದು ಸ್ಮಾರ್ಟ್ ವಾಚ್ ತಂದ್ಲು. ಮೊಬೈಲಿಗೆ ಜೋಡಿಸಾಕ ಹೋದ್ರ ಅದು, ನಿಮ್ಮ ಫೋಟೋ ನೋಡಾಕ ಬಿಡ್ರಿ, ಫೋನಿನಾಗಿನ ಎಲ್ಲಾ ನಂಬರ ಕೊಡ್ರಿ ಅಂತ ಗಂಟ ಬಿತ್ತು.

"ಟೈಮ್ ತೋರ್ಸೂ ಗಡಿಯಾರಕ್ಕ ನಮ್ಮ ಫೋಟೋ ಯಾಕ ಬೇಕವಾ? ಅದೇನ ಕನ್ಯಾ ನೋಡಾಕ ಬಂದೈತೇನು?" ಅಂದ್ಲು ಮಹಾನಂದಾ.

ಸ್ನೇಹಲ್ ಎರಡ ದಿನಾ ಮಾರಿ ಊದಿಸಿಕೊಂಡ ಅಡ್ಡಾಡಿದ್ಲು. ಮೂರನೇ ದಿನಾ ತಾನ ಹೋಗಿ ವಾಚ್ ವಾಪಸ್ ಕೊಟ್ಟ ಬಂದ್ಲು.

ಹಂಗಂತ ಹೊಸಾದು ಕಂಡ್ರ ಮೂಗ ಮುರಿಯೂ ಪೈಕಿ ಅಲ್ಲ ಅಕಿ. ಚಲೋ ಸಾಮಾನಂದ್ರ ಜೀವಾ. ಸ್ಕ್ರೂಡ್ರೈವರ್ ಹಾಕಿ ಬಿಚ್ಚಿ, ಒಳಗ ಒಪ್ಪವಾಗಿ ಕೆಲಸ ಮಾಡಿದ್ದ ಕಂಡ್ರ, "ಯಾವ ತಾಯಿ ಹಡದಾಳೋ ಮಗನ್ನ, ಏನ್ ಕೈ!" ಅಂತ ಯಾರೋ ಗೊತ್ತಿಲ್ಲದ ಮನಶ್ಯಾನ ಹೊಗಳಾಕಿ.

ಈ ಸರ್ತಿ ಬ್ಯಾಸಗಿ ಹೊತ್ತಿಗೆ ರಾಮದುರ್ಗದಿಂದ ಗುರುನಾಥ ಬಂದ. ಪಂಪ್‌ಸೆಟ್ ಸಾಮಾನಿನ ವ್ಯಾಪಾರಿ, ಬಾಯಿ ಭಾಳ ಸವಿ. ಕೈಯಾಗ ಒಂದು ಹಸರ ಡಬ್ಬಿ.

"ಅಕ್ಕಾರ, ಇನ್ನ ಮೋಟರ್ ಹಚ್ಚಾಕ ಯಾರೂ ಹೊಲಕ್ಕ ಓಡೂದ ಬ್ಯಾಡ್ರಿ. ಇದನ್ನ ಸ್ಟಾರ್ಟರಿಗೆ ಕೂಡಿಸಿದ್ರ ಮುಗೀತು. ಮೊಬೈಲಿನಾಗ ಒತ್ತಿದ್ರ ಚಾಲೂ, ಒತ್ತಿದ್ರ ಬಂದ್. ಕಟ್ಟಿ ಮ್ಯಾಲ ಚಾ ಕುಡಕೋತ ಕಬ್ಬಿಗೆ ನೀರ ಬಿಡ್ರಿ."

"ಏನ ತಿಂತೈತಿ?"

"ಮೊದಲನೇ ವರ್ಷ ಏನೂ ಇಲ್ರಿ, ಪುಕ್ಕಟ. ಆಮ್ಯಾಲ ವರ್ಷಕ್ಕೊಮ್ಮಿ ಸಣ್ಣದೊಂದು ರಿಚಾರ್ಜ್."

"ಯಾರ ಮಾತ ಕೇಳತೈತಿ?"

"ನಿಮ್ಮದ ಮಾತ್ರೀ! ಪಾಸ್‌ವರ್ಡ್ ನಿಮ್ಮ ಕೈಯಾಗ, ಮತ್ಯಾರಿಗೂ ಹುಕುಂ ಇಲ್ಲ."

ಮಹಾನಂದಾ ಡಬ್ಬಿ ಬಿಚ್ಚಿ ನೋಡಿದ್ಲು. ಕೆಲಸ ಚಲೋ ಇತ್ತು. ಒಳಗ ಸಿಮ್ ಮಾತ್ರ ಕಂಪನಿ ಹೆಸರಿಲೆ ಇತ್ತು, ಅದೊಂದು ಅಕಿ ಮನಸಿಗೆ ಮುಳ್ಳಿನಂಗ ಚುಚ್ಚಿತು. ಗುರುನಾಥ ಹೇಳೇ ಬಿಟ್ಟ: ಊರಾಗ ನಲವತ್ತ ಮಂದಿ ತಗೋಳಾಕ ತಯಾರ ಅದಾರ, ಆದ್ರ ಎಲ್ಲಾರದೂ ಒಂದ ಮಾತು, ಮಹಾನಂದಕ್ಕ ಹೂಂ ಅನ್ಲಿ. ಅದಕ್ಕ ಒಂದು ಡಬ್ಬಿ ನಿಮ್ಮ ಹೊಲದಾಗ ಹಚ್ಚತೇನಿ, ತಿಂಗಳಾನ ನೋಡ್ರಿ, ಆಮ್ಯಾಲ ಹೇಳ್ರಿ.

ತನ್ನ ಹೂಂ ಅಂದ್ರ ಏನಂತ ಮಹಾನಂದಾಗ ಗೊತ್ತಿತ್ತು. ಅಕಿ ಹೂಂ ಅಂದ ಸಾಮಾನಿಗೆ ಮಂದಿ ಹಿಂದ ಮುಂದ ನೋಡದ ಕೈ ಹಾಕತಾರ. ಮೋಟರಿನ ವಿಷಯದಾಗ ಕೈ ಹಾಕೂದಂದ್ರ ಖರೇನ ಕೈ ಹಾಕೂದು.

ಗಂಡ ಲಗಮಪ್ಪಗ ಮಾತ್ರ ಡಬ್ಬಿ ಕಂಡ ಕೂಡ್ಲೇ ಹಬ್ಬ. ಪಾಪ, ಕರೆಂಟ್ ಬಂದಾಗೊಮ್ಮಿ ಬಾಂವಿಗೆ ಓಡಿ ಓಡಿ ಹೈರಾಣಾಗಿದ್ದ. ಆ ಊರಾಗ ಲಗಮಪ್ಪಗೋಳಿಗೇನ ಬರಗಾಲಿಲ್ಲ. ಮೀಸಿ ಲಗಮಪ್ಪ, ಗಿಡ್ಡ ಲಗಮಪ್ಪ, ಗಿರಣಿ ಲಗಮಪ್ಪ. ಇಂವ ಹೆಂಡ್ತಿಯ ತಂತಿ ಸುತ್ತೂ ಕೆಲಸದಿಂದ ವೈಂಡಿಂಗ್ ಲಗಮಪ್ಪ ಆಗಿದ್ದ, ಅದರ ಬಗ್ಗೆ ಅವಂಗ ಒಂಚೂರೂ ಬ್ಯಾಸರಿಲ್ಲ, ಹೆಮ್ಮಿನ ಇತ್ತು.

ತಿಂಗಳಾನ ಡಬ್ಬಿ ಹೇಳಿದಂಗ ಕೇಳಿತು. ಒತ್ತಿದ್ರ ಚಾಲೂ, ಒತ್ತಿದ್ರ ಬಂದ್. ಲಗಮಪ್ಪ ಕಟ್ಟಿ ಮ್ಯಾಲ ಚಾ ಕುಡಕೋತ ನೀರ ಬಿಟ್ಟ, ನೋಡಿದವರ ಬಾಯಾಗ ನೀರ ಬಂತು. ಮಹಾನಂದಾ ಸೈತ ಮನಸ ಮಾಡಿದ್ಲು, ಐತವಾರ ಹೂಂ ಅಂದ್ಬಿಡೂಣು ಅಂತ.

ಬ್ರಸ್ತವಾರ ಮುಂಜಾನೆ ಇಬ್ಬರೂ ಬಾಂವಿಗೆ ಹೋಗಿದ್ದರು. ಪಂಪಿನ ಶಾಫ್ಟಿನ ಹಂತೇಲಿ ನೀರ ಸೋರತಿತ್ತು. ಹಂಗ ಸೋರಿದ್ರ ಶಾಫ್ಟಿನ ಸುತ್ತ ಎಣ್ಣಿ ಹಚ್ಚಿದ ದಾರ ಸುತ್ತಿ, ಬೆರಳಿಲೆ ಒಳಗ ದಬ್ಬಿ ಬಿಗಿ ಮಾಡಬೇಕು. ಇಪ್ಪತ್ತೊಂದು ವರ್ಷ ಮಹಾನಂದಾ ಫ್ಯೂಜ್ ಕಿತ್ತು ಉಡಿಯಾಗ ಇಟಗೊಳ್ಳದ ಯಾರಿಗೂ ಶಾಫ್ಟ್ ಮುಟ್ಟಗೊಟ್ಟಾಕಿ ಅಲ್ಲ. ಆವತ್ತು ಮೊಬೈಲ್ ತಗದ ನೋಡಿದ್ಲು. ಮೋಟರ್ ಬಂದ್ ಅಂತಿತ್ತು, ಬಾಜೂಕ ಚಂದದ್ದೊಂದು ಕೀಲಿಯ ಚಿತ್ರ. ಅದನ್ನ ನಂಬಿದ್ಲು. ಅಕಿ ಹಣೆಬಾರಾ, ಆ ಒಂದ ದಿನಾ ನಂಬಿದ್ಲು!

ಲಗಮಪ್ಪ ಕುಕ್ಕರಗಾಲಿಲೆ ಕುಂತು ದಾರ ಸುತ್ತಾಕ ಹತ್ತಿದ್ದ. ಬಾಜೂ ಹೊಲದಾಗ ಟ್ರ್ಯಾಕ್ಟರ್ ಗುಡುಗುಡು ಅಂತಿತ್ತು. ಮಹಾನಂದಾ ಬೇವಿನ ಗಿಡದ ಬುಡಕ ನಟ್ ತಿರುಗಿಸೂ ಪಾನಾ ಒರಸಿಕೋತ ತಲಿ ಎತ್ತಿದ್ಲು. ಶೆಡ್ಡಿನಾಗ ಹಸರ ಡಬ್ಬಿ ಮ್ಯಾಲ ಕೆಂಪ ಲೈಟ್ ಮಿಣಮಿಣ ಹತ್ತಿ ಆರಾಕ ಹತ್ತಿತ್ತು. ಮೋಟರ್ ಚಾಲೂ ಆಗೂಕಿಂತ ಮೊದಲ ಡಬ್ಬಿ ಹತ್ತ ಎಣಿಸತೈತಿ. ಎಷ್ಟ ಎಣಿಸೇತೋ ದೇವರಿಗೇ ಗೊತ್ತು.

"ರೀ! ರೀ, ಕೈ ತಗೀರಿ!"

ಟ್ರ್ಯಾಕ್ಟರ್ ಸಪ್ಪಳದಾಗ ಅದು ಯಾರಿಗೆ ಕೇಳಬೇಕು? ಅಕಿ ಓಡಿದ್ಲು. ಓಡಕೋತನ ಚೀರಿದ್ಲು.

"ಲಗಮಪ್ಪಾ!"

ಲಗ್ನದ ದಿನಾ, ಗಂಡನ ಹೆಸರ ಸೇರಿಸಿ ಹೇಳೂ ಒಡಪಿನ ಪದದಾಗ ಇಟ್ಟು ಹೇಳಿದ್ದ ಹೆಸರದು. ಆಮ್ಯಾಲ ಇಪ್ಪತ್ತೊಂದು ವರ್ಷ ಅಕಿ ಬಾಯಿಂದ ಬಂದಿರಲಿಲ್ಲ. ರೇಶನ್ ಕಾರ್ಡಿನಾಂವ ಕೇಳಿದ್ರ ಸೈತ ಮಗಳ ಕಡೆ ಬೊಟ್ಟ ಮಾಡಿ, "ಅಕಿನ್ನ ಕೇಳ್ರಿ" ಅನ್ನಾಕಿ. ಕೈ ತಗೀರಿ ಅಂದದ್ದು ಲಗಮಪ್ಪಗ ಕೇಳಿರಲಿಲ್ಲ. ಹೆಂಡ್ತಿ ತನ್ನ ಹೆಸರ ಹಿಡದ ಕರದದ್ದು ಹೆಂಗ ಕೇಳಿತೋ ಏನೋ, ಕೇಳಿತು. ಅಂವ ಹೌಹಾರಿ, ಎರಡೂ ಕೈ ಮ್ಯಾಲ ಎತ್ತಿ, ಹಿಂದಕ್ಕ ಬಿದ್ದ. ಅಷ್ಟರಾಗ ಶಾಫ್ಟ್ ಗರ್ ಅಂತ ತಿರುಗಿತು. ಅರ್ಧಾ ಸುತ್ತಿದ್ದ ದಾರ ಎಲ್ಲಿ ಹಾರಿತೋ ಪತ್ತೇನ ಹತ್ತಲಿಲ್ಲ.

"ಏನಂದಿ ನೀ?" ಅಂದ ಲಗಮಪ್ಪ, ಕೆಸರಿನಾಗ ಕುಂತಕೊಂಡ. ಮೋಟರಿನ ಖಬರ ಅವಂಗ ಇನ್ನೂ ಇರಲಿಲ್ಲ.

ಮಹಾನಂದಾ ಮೇನ್ ಇಳಿಸಿ ಬಂದು ಅವನ ಬೆರಳ ಒಂದೊಂದ ಹಿಡದ ನೋಡಿದ್ಲು. ಆಮ್ಯಾಲ ಅತ್ಲು. ತನ್ನ ಮ್ಯಾಲ ತನಗ ಬಂದ ಸಿಟ್ಟಿಗೆ ಅತ್ಲು. ಅತ್ತ ಮುಗಿಸಿ, ಸೆರಗಿಲೆ ಮಾರಿ ಒರಸಿಕೊಂಡು, ಗುರುನಾಥನ ಆಫೀಸಿಗೆ ಫೋನ್ ಹಚ್ಚಿದ್ಲು. ಅಲ್ಲಿ ಕೆಲಸ ಮಾಡೂ ಸಪ್ನಾ ಎತ್ತಿದ್ಲು.

"ನಮ್ಮ ಮೋಟರ್ ಯಾರು ಚಾಲೂ ಮಾಡಿದ್ರವಾ?"

"ನಾನ್ರಿ ಅಕ್ಕಾರ. ಲಗಮಪ್ಪ ಕಾಕಾ ಫೋನ್ ಮಾಡಿ, ಮೊಬೈಲ್ ಹಾಳಾಗೇತಿ, ನೀವ ಮೋಟರ್ ಹಚ್ಚ್ರಿ ಅಂದ್ರು. ಹಚ್ಚೀನಿ."

"ಯಾವ ಲಗಮಪ್ಪ?"

ಸಪ್ನಾ ಪಟ್ಟಿ ನೋಡಿದ್ಲು. ದನಿ ಸಣ್ಣದಾತು. "ಅಯ್ಯೋ... ಫೋನ್ ಮಾಡಿದವ್ರು ಸಾಲಹಳ್ಳಿ ಲಗಮಪ್ಪ ಕಾಕಾ ಇದ್ರು. ನಮ್ಮಲ್ಲಿ ಐದ ಮಂದಿ ಲಗಮಪ್ಪ ಅದಾರ್ರಿ ಅಕ್ಕಾರ."

ಹುಡುಗಿ ಮ್ಯಾಲ ಮಹಾನಂದಾಗ ಸಿಟ್ಟ ಬರಲಿಲ್ಲ. ಹೆಸರ ತಪ್ಪಿದ್ದು ದೊಡ್ಡ ಮಾತಲ್ಲ. ರಾಮದುರ್ಗದಾಗ ಕುರ್ಚಿ ಮ್ಯಾಲ ಕುಂತವ್ರು ಸುರೇಬಾನದ ಬಾಂವಿಯಾಗಿನ ಮೋಟರ್ ತಿರುಗಸಬಹುದು, ಮತ್ತ ಅದನ್ನ ಯಾರೂ ಅಕಿಗೆ ಹೇಳಿರಲಿಲ್ಲ. ದೊಡ್ಡ ಮಾತಂದ್ರ ಅದು.

ಸಂಜೀಕ ಗುರುನಾಥ ಓಡಿ ಬಂದ. ಕೈ ಮುಗದ, ತಪ್ಪಾತಂದ. ಮಹಾನಂದಾ ನೇರ ವಿಷಯಕ್ಕ ಬಂದ್ಲು.

"ನಿಮ್ಮ ಆಫೀಸಿನಾಗ ಕುಂತು ಚಾಲೂ-ಬಂದ್ ಮಾಡೂ ಕೀಲಿ ತಗದ ಹಾಕ್ರಿ. ಸಿಮ್ ರೈತನ ಹೆಸರಿಲೆ ಇರಲಿ. ನಾಳೇನ ಹೂಂ ಅಂತೇನಿ."

"ಅದು ಆಗೂದಿಲ್ಲಕ್ಕಾರ. ಎರಡನೇ ವರ್ಷ ರಿಚಾರ್ಜ್ ಮಾಡದವರ ಮೋಟರ್ ಇಲ್ಲಿಂದ ಬಂದ್ ಮಾಡಬೇಕಲ್ರಿ? ಅದಕ್ಕ ಕಂಪನಿಯವ್ರು ಕೀಲಿ ಇಟ್ಟಾರ."

ಮಹಾನಂದಾಗ ಆಗ ತಿಳೀತು: ತಾ ಎರಡ ಪ್ರಶ್ನಿ ಅಂತ ತಿಳದಿದ್ದಕ್ಕ ಉತ್ತರ ಒಂದ ಇತ್ತು. ಅದು ವರ್ಷಾ ರಿಚಾರ್ಜ್ ತಿನ್ನೂದಕ್ಕನ ಕಂಪನಿ ಕೈಯಾಗ ಕೀಲಿ, ಆ ಕೀಲಿ ಇದ್ದುದಕ್ಕನ ಗಂಡನ ಬೆರಳ ಉಳಸಾಕ ತಾ ಓಡೂ ಪಾಳಿ ಬಂತು.

"ಐತವಾರ ಊರ ಕಟ್ಟಿ ಹಂತೇಕ ಬರ್ರಿ. ಎಲ್ಲಾರ ಮುಂದ ಮಾತಾಡೂಣು," ಅಂದ್ಲು.

ಐತವಾರ ಮುಂಜಾನೆ ಕಟ್ಟಿ ತುಂಬಿತ್ತು. ಗುರುನಾಥ ನಲವತ್ತ ಅರ್ಜಿ ಬರಸಿಕೊಂಡ ತಂದಿದ್ದ, ಸಹಿ ಒಂದ ಬಾಕಿ. ಮಹಾನಂದಾ ಬಾಂವಿ ಹಂತೇಲಿ ಯಾರೂ ಇಲ್ಲಂತ ಕಣ್ಣಾರೆ ನೋಡಿ, ಮೇನ್ ಮತ್ತ ಏರಿಸಿ, ಶೆಡ್ಡಿಗೆ ಕೀಲಿ ಹಾಕಿ ಬಂದಿದ್ಲು. ಗಂಡನ್ನ ತನ್ನ ಕಣ್ಣ ಮುಂದನ ಕುಂಡ್ರಿಸಿಕೊಂಡಿದ್ಲು. ಆಗಿದ್ದ ಎಲ್ಲಾರಿಗೂ ಹೇಳಿದ್ಲು, ತಾ ಫ್ಯೂಜ್ ಕೀಳದ ತಪ್ಪು ಸೈತ ಮುಚ್ಚಿಡಲಿಲ್ಲ.

ಲಕ್ಕಪ್ಪ ಅಂಬಾಂವ ಎದ್ದ. ಆರ ಎಕರೆ ಕಬ್ಬಿನಾಂವ, ಡಬ್ಬಿ ಎಲ್ಲಾರಕಿಂತ ಮೊದಲ ಅವಂಗ ಬೇಕಾಗಿತ್ತು.

"ಒಮ್ಮಿ ತಪ್ಪಾತಕ್ಕ, ಯಾರ ಕೈಯಾಗ ಆಗೂದಿಲ್ಲ? ತಿಂಗಳಾನ ಚಲೋ ನಡೀತಲ್ಲ?"

"ಈಗ ತಪ್ಪಾಗೂ ಮಾತ ಇಲ್ರೀ," ಅಂದ ಗುರುನಾಥ ಗಡದ್ದಾಗಿ. "ಪಟ್ಟಿಯೊಳಗ ಊರ ಹೆಸರ, ಅಡ್ಡಹೆಸರ ಎಲ್ಲಾ ಬರದೇವಿ. ಅಡ್ಡಹೆಸರ ಕೇಳದ ನಮ್ಮ ಸಪ್ನಾ ಯಾರ ಮೋಟರೂ ಮುಟ್ಟೂದಿಲ್ಲ. ಪಕ್ಕಾ ಬಂದೋಬಸ್ತ್!"

ಕಟ್ಟಿ ಮ್ಯಾಲಿನ ಮಂದಿ ಹೌದಹೌದಂತ ತಲಿ ಹಾಕಿತು. ಅಡ್ಡಹೆಸರ ಇಲ್ಲದ ಮನಿ ಆ ಊರಾಗ ಒಂದಿಲ್ಲ. ಮಹಾನಂದಾ ಸಣ್ಣಗ ನಕ್ಲು.

"ಲಕ್ಕಪ್ಪಾ, ನಿನ್ನ ಫೋನ್ ತಗಿಯಪಾ. ಇವರ ಆಫೀಸಿಗೆ ಹಚ್ಚು, ಎಲ್ಲಾರಿಗೂ ಕೇಳೂವಂಗ. ಗುರುನಾಥಣ್ಣಾರ, ನೀವು ಬಾಯಿ ಹಾಕಬ್ಯಾಡ್ರಿ."

ಅಕಿ ಲಕ್ಕಪ್ಪನ ಕಿವಿಯಾಗ ಏನೋ ಹೇಳಿದ್ಲು. ಅಂವ ಹಲ್ಲ ಕಿಸಕೋತ ಫೋನ್ ಹಚ್ಚಿದ. ಆಕಡೆ ಸಪ್ನಾ.

"ಯವ್ವಾ, ನಾ ಲಗಮಪ್ಪ. ನನ್ನ ಮೊಬೈಲ್ ನೀರಾಗ ಬಿದ್ದೈತಿ. ಬ್ಯಾರೆಯವರ ಫೋನಿನಿಂದ ಮಾತಾಡಾಕ ಹತ್ತೇನಿ. ನಮ್ಮ ಮೋಟರ್ ಹಚ್ಚು."

"ಯಾವ ಲಗಮಪ್ಪ ಕಾಕಾರ್ರಿ? ಊರು, ಅಡ್ಡಹೆಸರ ಹೇಳ್ರಿ."

ಗುರುನಾಥ, ನೋಡಿದ್ರಿಲ್ಲೋ ಅನ್ನೂವಂಗ ಮೀಸಿ ತಿರುವಿದ.

"ಸುರೇಬಾನ. ವೈಂಡಿಂಗ್ ಲಗಮಪ್ಪ."

"ಹಾಂ, ಬರೋಬರಿ ಐತ್ರಿ. ಹಚ್ಚೀನಿ ಕಾಕಾರ."

ಗುರುನಾಥನ ಕೈ ಮೀಸಿ ಮ್ಯಾಲನ ನಿಂತಿತು. ಮಹಾನಂದಾನ ಮೊಬೈಲ್ ಕಿಣ್ ಅಂತು. ಮೋಟರ್ ಚಾಲೂ ಆಗೇತಿ ಅಂತ ಬಂದಿತ್ತು. ಅಕಿ ಅದನ್ನ ಕೈಯಿಂದ ಕೈಗೆ ಕೊಟ್ಟು ಎಲ್ಲಾರಿಗೂ ತೋರಿಸಿದ್ಲು. ವೈಂಡಿಂಗ್ ಲಗಮಪ್ಪ ಕಟ್ಟಿ ಮ್ಯಾಲ ಕುಂತಾನ, ಅವನ ಮೋಟರ್ ಹೊಲದಾಗ ತಿರಗಾಕ ಹತ್ತೇತಿ, ಹಚ್ಚಿದಾಂವ ಲಕ್ಕಪ್ಪ.

"ಈ ಊರಾಗ ಒಬ್ಬರ ಅಡ್ಡಹೆಸರ ಇನ್ನೊಬ್ಬರಿಗೆ ಗೊತ್ತಿಲ್ಲೇನು?" ಅಂದ್ಲು ಮಹಾನಂದಾ. "ಸಣ್ಣ ಕೂಸ ಸೈತ ಹೇಳತೈತಿ. ಯಾರರೆ ಜಗಳಾಡಿದವ್ರು, ಹೊಲದ ಬದುವಿನ ತಂಟೆ ಇದ್ದವ್ರು, ಕುಡದವ್ರು, ಬೇಕಾದವ್ರು ಒಂದು ಫೋನ್ ಮಾಡಿದ್ರ ಸಾಕು. ಲಕ್ಕಪ್ಪಾ, ಈಗ ನೀನ ಹೇಳು. ನಾ ಹೂಂ ಅನ್ಲೇನು?"

ಲಕ್ಕಪ್ಪ ಫೋನ್ ಕಟ್ಟಿ ಮ್ಯಾಲ ಇಟ್ಟ. ಹಂಗ ನಿಂತಲ್ಲೇ ತನ್ನ ಎರಡೂ ಕೈ ಮುಂದ ಹಿಡದು, ಬೆರಳ ಅಗಲಿಸಿ, ಮೊದಲನೇ ಸರ್ತಿ ಕಂಡವರಂಗ ನೋಡಿದ.

"ಬ್ಯಾಡಕ್ಕ," ಅಂದ.