ಹೆಣ್ಣು ನೋಡಲು ಬಂದವರಿಗೆ ಸೋರುವ ಕಪ್ಪು

ನನ್ನ ತವರು ಇಂಡಿ ತಾಲೂಕಿನ ತಾಂಬಾ. ಅಜ್ಜ ಗಡಿಯಾಚೆಯ ಬರಣಿ ಕಾರ್ಖಾನೆಯೊಂದರಲ್ಲಿ ದುಡಿದು, ಮಣ್ಣಿನ ಮೇಲೆ ಗಾಜಿನಂಥ ಹೊಳಪು ಕೂಡಿಸುವ ವಿದ್ಯೆ ಕಲಿತು ಬಂದಿದ್ದ. ಅಂದಿನಿಂದ ಮನೆಯಲ್ಲಿ ಉಪ್ಪಿನಕಾಯಿ ಬರಣಿ, ಕಪ್ಪು-ಬಸಿ ಮಾಡುವುದೇ ಕೆಲಸ. ಕಪ್ಪುಗಳಿಗೆ ಹಿಡಿ ಹಚ್ಚುವುದು ನನ್ನ ಪಾಲಿಗೆ ಬಂದಿತ್ತು.

ಮುದ್ದೇಬಿಹಾಳದಿಂದ ನನ್ನನ್ನು ನೋಡಲು ಬಂದವರೂ ಕುಂಬಾರರೇ. ಆದರೆ ಅವರದು ಕೆಂಪು ಗಡಿಗೆ, ನೀರಿನ ಹರವಿ. ಹೊಳಪಿನ ಸಾಮಾನು ಮಾಡಿದವರಲ್ಲ.

"ನೀನ ಹಿಡಿ ಹಚ್ಚಿದ ಕಪ್ಪಿನ್ಯಾಗ ಚಹಾ ಕೊಡು. ಮಗಳು ಎಂಥಾಕಿ ಅಂತ ಅವರಿಗೂ ತಿಳೀಲಿ" ಎಂದಳು ಅವ್ವ. ಭಟ್ಟಿಯಿಂದ ಆಗಷ್ಟೇ ತೆಗೆದ ನೀಲಿ ಕಪ್ಪುಗಳನ್ನು ಆರಿಸಿಕೊಂಡೆ.

ಹುಡುಗನ ತಾಯಿ ಒಂದು ಗುಟುಕು ಕುಡಿದು ಕಪ್ಪನ್ನು ಎತ್ತಿ ನೋಡಿದರು. ಹಿಡಿಯ ಬುಡದಿಂದ ಚಹಾ ತೊಟ್ಟಿಕ್ಕಿ ಅವರ ಇಳಕಲ್ ಸೀರೆಯ ಮೇಲೆ ಬೀಳುತ್ತಿತ್ತು. ಅಪ್ಪ ತೊಲೆ ನೋಡುತ್ತ ಕುಳಿತ.

"ಈ ಹಿಡಿ ಯಾರು ಹಚ್ಚ್ಯಾರ?" ಹುಡುಗನ ತಾಯಿ ಕೇಳಿದರು.

"ನಾನ ಹಚ್ಚೇನ್ರಿ."

"ಕಪ್ಪು ಒಣಗಿದ ಮ್ಯಾಲೆ ಹಚ್ಚೀದಿ, ಹೌದಿಲ್ಲೋ?"

ಗೆಳತಿಯ ಮದುವೆಗೆ ಹೋಗಿ, ಅಂದೇ ಹಚ್ಚಬೇಕಾದ ಹಿಡಿಗಳನ್ನು ಮರುದಿನ ಹಚ್ಚಿದ್ದೆ. ಅಪ್ಪನಿಗೂ ಹೇಳಿರಲಿಲ್ಲ. "ಹೌದ್ರಿ" ಎಂದೆ.

"ಹಸಿ ಮಣ್ಣು ಐತೇನು?"

ಹಿತ್ತಲ ಚಪ್ಪರಕ್ಕೆ ಕರೆದೊಯ್ದೆ. ಮುಂಜಾನೆ ತಿಗರಿಯಿಂದ ಇಳಿಸಿದ ಕಪ್ಪುಗಳು ಹದಕ್ಕೆ ಬಂದಿದ್ದವು. ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತೇಬಿಟ್ಟರು. "ಕಪ್ಪು, ಹಿಡಿ ಎರಡೂ ಒಂದ ಹದ ಇರಬೇಕು ತಂಗಿ. ಇಲ್ಲಂದ್ರ ಬೆಂಕ್ಯಾಗ ಬ್ಯಾರೆ ಆಗ್ತಾವ" ಎನ್ನುತ್ತ ಕಡ್ಡಿಯಿಂದ ಗೀರಿ, ಕೆಸರು ಸವರಿ, ಹೆಬ್ಬೆರಳಿನಿಂದ ಒತ್ತಿ ಕೂಡಿಸಿದರು. ನಾನೂ ರೇಷ್ಮೆ ಸೀರೆ ಮುದುರಿ ಕುಳಿತೆ. ನನ್ನ ಎರಡು ಹಿಡಿಗಳನ್ನು ಕಿತ್ತೊಗೆದರು. ಮೂರನೆಯದನ್ನು ಎಳೆದು ನೋಡಿ, ಹಾಗೇ ಒಣಗಲು ಇಟ್ಟರು.

ಆಮೇಲೆ ಅವರು ಹೊಳಪಿನ ಬಗ್ಗೆ ಕೇಳತೊಡಗಿದರು. ಒಮ್ಮೆ ಸುಟ್ಟಿದ್ದ ಕಪ್ಪೊಂದನ್ನು ಹೊಳಪಿನ ನೀರು ಕಲಸಿಟ್ಟಿದ್ದ ಬಕೆಟ್ಟಿನಲ್ಲಿ ಅದ್ದಿ ತೋರಿಸಿದೆ.

"ಇದು ಬೂದಿ ನೀರಿದ್ದಂಗ ಐತಿ. ನೀಲಿ ಎಲ್ಲೈತಿ?"

"ಬೆಂಕ್ಯಾಗ ಬರ್ತೈತ್ರಿ."

ಅವರು ನಂಬಲಿಲ್ಲ.

ಒಳಗೆ ಗಂಡಸರ ಮಾತೆಲ್ಲ ಮುಗಿದು, ಹುಡುಗ ನಮ್ಮನ್ನು ಹುಡುಕಿಕೊಂಡು ಬಂದ. ನಮ್ಮಿಬ್ಬರಿಗೂ ಮೊಣಕೈವರೆಗೆ ಕೆಸರು. "ಯವ್ವಾ, ನಾವು ಹೆಣ್ಣು ನೋಡಾಕ ಬಂದೀವಿ" ಎಂದ.

"ನಾ ನೋಡೇನಿ. ಈಗ ನೀ ನೋಡ್ಕೋ" ಎಂದು ಅವರು ತಲೆ ಎತ್ತದೆ ಹೇಳಿದರು. ನನಗೆ ನಗು ತಡೆಯಲಾಗಲಿಲ್ಲ. ಅವನೂ ನಕ್ಕ. ಅಲ್ಲಿಗೆ ನನ್ನ ಮಟ್ಟಿಗೆ ಮದುವೆ ಗಟ್ಟಿಯಾಯಿತು.

ಈಗ ಮುದ್ದೇಬಿಹಾಳದ ನಮ್ಮ ಹಿತ್ತಲಲ್ಲಿ ಎರಡು ಭಟ್ಟಿಗಳಿವೆ: ಅತ್ತೆಯ ಹರವಿಗೆ ಒಂದು, ನನ್ನ ಬರಣಿಗೆ ಒಂದು. "ಗಾಜು ಹಚ್ಚಿದ್ದರಾಗ ನೀರು ತಂಪಾಗೂದಿಲ್ಲ" ಎಂದು ನನ್ನೆದುರೇ ಗಿರಾಕಿಗಳಿಗೆ ಹೇಳುತ್ತಾರೆ. ಅದು ನಿಜವೂ ಹೌದು. ಉಪ್ಪಿನಕಾಯಿ ಹಾಕುವವರನ್ನು ಮಾತ್ರ ನನ್ನ ಕಡೆ ಕಳಿಸುತ್ತಾರೆ.

ಹೋದ ತಿಂಗಳು ನನ್ನ ಗಂಡ ಮಾಡಿದ ಮುಚ್ಚಳ ಬರಣಿಯ ಬಾಯಿಗಿಂತ ದೊಡ್ಡದಾಯಿತು. ಅದನ್ನು ಎಸೆಯಲು ಮನಸ್ಸಾಗದೆ, ಅತ್ತೆ ಆ ಮುಚ್ಚಳಕ್ಕೆ ಒಪ್ಪುವಂಥ ಬರಣಿಯನ್ನು ತಾವೇ ಮಾಡಿದರು. ಅವರು ಮಾಡಿದ ಮೊದಲ ಬರಣಿ ಅದು. ಭಟ್ಟಿ ತೆರೆದಾಗ ಅದರ ನೀಲಿಯನ್ನು ಸೆರಗಿನಿಂದ ಒರೆಸಿ ಒರೆಸಿ ನೋಡಿದರು. ಈ ಸಲದ ಮಾವಿನಕಾಯಿ ಅದರಲ್ಲೇ ಇದೆ.