ದೋಣಿಯಲ್ಲಿ ಪ್ಲಾಸ್ಟಿಕ್ ಕುರ್ಚಿ

ನಾನು ಹುಟ್ಟಿದ್ದು ಔರಾದ ತಾಲ್ಲೂಕಿನ ಸಂತಪುರದಲ್ಲಿ. ತೊಗರಿ, ಜೋಳ, ಕಲ್ಲು ಇವಿಷ್ಟೇ ಅಲ್ಲಿ ಯಥೇಚ್ಛ. ನೀರು ಎಂದರೆ ನಮ್ಮ ಪಾಲಿಗೆ ಅವ್ವ ಗಡಿಗೆಯಲ್ಲಿ ತುಂಬಿಟ್ಟದ್ದು, ಅದರಲ್ಲಿ ಲೋಟ ಮುಳುಗಿಸಬಹುದಿತ್ತೇ ಹೊರತು ಮನುಷ್ಯ ಮುಳುಗುವ ಪ್ರಶ್ನೆ ಇರಲಿಲ್ಲ. ಇಂಥವನನ್ನು ಸರ್ಕಾರ ಹುಡುಕಿ ಹುಡುಕಿ ಮೀನುಗಾರಿಕೆಯ ಕೆಲಸಕ್ಕೆ ಹಾಕಿತು. ಈಜು ಬರುತ್ತದೆಯೇ ಎಂದು ಸಂದರ್ಶನದಲ್ಲಿ ಯಾರೂ ಕೇಳಲಿಲ್ಲ. ನಾನಾಗಿಯೂ ಹೇಳಲಿಲ್ಲ.

ಈ ಕಥೆ ನಡೆಯುವ ಹೊತ್ತಿಗೆ ಇಪ್ಪತ್ತು ವರ್ಷ ನೌಕರಿ ಮಾಡಿದ್ದೆ. ಬೀದರಿನ ಚಿದ್ರಿಯಲ್ಲಿ ಮನೆ, ನೌಬಾದ ಕಡೆ ಆಫೀಸು, ನಡುವೆ ಒಂದು ಸ್ಕೂಟರು. ಆ ಇಪ್ಪತ್ತು ವರ್ಷದಲ್ಲಿ ನಾನು ದೋಣಿ ಹತ್ತಿದ್ದು ಒಂದೇ ಸಲ, ಅದೂ ದಂಡೆಗೆ ಕಟ್ಟಿದ್ದ ದೋಣಿ, ಫೋಟೋ ತೆಗೆಸಿಕೊಳ್ಳಲು. ಆದರೆ ದೋಣಿಯ ಬಗ್ಗೆ ಭಾಷಣ ಮಾಡುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಮನೆಯಲ್ಲಿ ಫ್ಯಾನಿನ ಕೆಳಗೆ ಕುಳಿತು, ಯಾವುದೋ ಪುಸ್ತಕ ನೋಡಿ, 'ಗಾಳಿ ನೀರಿನಲ್ಲಿ ಸಣ್ಣ ದೋಣಿಯ ಸಮತೋಲ: ಹನ್ನೆರಡು ಸೂಚನೆಗಳು' ಎಂಬ ಎರಡು ಹಾಳೆಯ ಕೈಪಿಡಿ ಬರೆದಿದ್ದೆ. ಭಾಲ್ಕಿಯಲ್ಲಿ ಮೀನುಗಾರರನ್ನು ಸೇರಿಸಿ ತರಬೇತಿ ಕೊಟ್ಟಾಗ ಕಪ್ಪುಹಲಗೆಯ ಮೇಲೆ ದೋಣಿ ಬರೆದು, ಬಾಣದ ಗುರುತು ಹಾಕಿ, ಮೊದಲನೇ ಸೂಚನೆಯನ್ನು ಮೂರು ಸಲ ಹೇಳಿದ್ದೆ: ಭಾರ ಯಾವಾಗಲೂ ಕೆಳಗಿರಲಿ, ದೋಣಿಯ ಅಂಚಿಗಿಂತ ಎತ್ತರದಲ್ಲಿ ಯಾರೂ ಕೂರಬಾರದು. ಚಪ್ಪಾಳೆ ಬಿತ್ತು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅನ್ನುತ್ತಾರಲ್ಲ, ಬದನೆಕಾಯಿಯ ಸರದಿ ಆಮೇಲೆ ಬಂತು.

ಮೂರು ವರ್ಷದ ಹಿಂದಿನ ಆಷಾಢ. ಕಾರಂಜಾ ಹಿನ್ನೀರಿನ ದಂಡೆಯ ಒಂದು ಊರಿನಿಂದ ಅರ್ಜಿ ಬಂತು. ಅರ್ಜಿ ಹಾಕಿದವಳು ನಲವತ್ತು ದಾಟಿದ ಹೆಂಗಸು. ಅವಳ ಗಂಡ ಮೂವತ್ತು ವರ್ಷ ಆ ನೀರಿನಲ್ಲಿ ಬಲೆ ಹಾಕಿದವನು, ನೀರು ಅವನಿಗೆ ಒಂದು ಗೀರೂ ಮಾಡಿರಲಿಲ್ಲ. ಭಾಲ್ಕಿಯ ಡಾಂಬರು ರಸ್ತೆಯಲ್ಲಿ ಮೋಟರ್ ಸೈಕಲ್ಲಿನಿಂದ ಬಿದ್ದು ಭುಜ ಮುರಿದುಕೊಂಡಿದ್ದ. ಇನ್ನು ಹುಟ್ಟು ಹಾಕುವುದು ಅವನಿಂದಾಗದು. ದೋಣಿಯ ಪಾಸು ತನ್ನ ಹೆಸರಿಗೆ ಮಾಡಿಕೊಡಿ ಎಂದು ಅವಳು ಕೇಳಿದ್ದಳು. ದೋಣಿ ಮೀನುಗಾರರ ಸಂಘದ್ದು. ಪಾಸು ಇಲ್ಲದಿದ್ದರೆ ಅದು ಬೇರೆಯವರ ಪಾಲಾಗುತ್ತದೆ, ಆ ಮನೆಗೆ ಬೇರೆ ದುಡಿಮೆಯಿಲ್ಲ. ಸಂಘದ ಅಧ್ಯಕ್ಷರು ಮಾತ್ರ, "ಹೆಣ್ಮಗಳು ಗಾಳ್ಯಾಗ ದೋಣಿ ಹ್ಯಾಂಗ ಹಿಡಿತಾಳರಿ? ಸಾಹೇಬ್ರೇ ಬಂದು ನೋಡಿ ಬರದುಕೊಡ್ಲಿ," ಎಂದು ಹಟ ಹಿಡಿದಿದ್ದರು. ಸಾಹೇಬ್ರು ಎಂದರೆ ನಾನು.

ಪರೀಕ್ಷೆ ಸರಳ. ನಾನು ದೋಣಿಯಲ್ಲಿರಬೇಕು. ಅವಳು ಒಬ್ಬಳೇ ಹುಟ್ಟು ಹಾಕಿ ಬಲೆಯ ತನಕ ಹೋಗಬೇಕು, ಬಲೆ ಎತ್ತಬೇಕು, ತಿರುಗಿ ದಂಡೆಗೆ ಬರಬೇಕು. ಬೆಳಿಗ್ಗೆ ನಾನು ಹೋದಾಗ ನೀರು ಒರೆಸಿಟ್ಟ ಹರಿವಾಣದ ಹಾಗಿತ್ತು. ದಂಡೆಯ ಮೇಲೆ ಅರ್ಧ ಊರು ನೆರೆದಿತ್ತು. ಅವಳ ಗಂಡ ಕೈಯನ್ನು ಕೊರಳಿಗೆ ಕಟ್ಟಿಕೊಂಡು ಬೇವಿನ ಗಿಡದ ಕೆಳಗೆ ಕುಳಿತಿದ್ದ. ಅಧ್ಯಕ್ಷರು ಬಿಳಿ ಪ್ಲಾಸ್ಟಿಕ್ ಕುರ್ಚಿಯೊಂದನ್ನು ತಲೆಯ ಮೇಲೆ ಹೊತ್ತು ತಂದರು.

ನಮ್ಮ ಸೀಮೆಯ ಮರ್ಯಾದೆ ಗೊತ್ತಿಲ್ಲದವರಿಗೆ ಹೇಳಬೇಕು. ಇಲ್ಲಿ ಆಫೀಸಿನಿಂದ ಬಂದವನು ನೆಲದ ಮೇಲೆ ಕೂತರೆ ಊರಿಗೇ ಅವಮಾನ. ಹೊಲದಲ್ಲಾಗಲಿ, ಸ್ಮಶಾನದಲ್ಲಾಗಲಿ, ಎಲ್ಲಿಂದಲೋ ಒಂದು ಕುರ್ಚಿ ಹುಟ್ಟಿಕೊಳ್ಳುತ್ತದೆ. ಚಹಾ ಆಮೇಲೆ, ಮಾತು ಆಮೇಲೆ, ಮೊದಲು ಕುರ್ಚಿ. ದೋಣಿಗೆ ಬೇರೆ ಕಾನೂನು ಉಂಟೆಂದು ಯಾರಿಗೂ ಹೊಳೆಯಲಿಲ್ಲ. ಅಧ್ಯಕ್ಷರು ಕುರ್ಚಿಯನ್ನು ದೋಣಿಯ ನಟ್ಟನಡುವೆ ಇಟ್ಟರು. ಇಷ್ಟೇ ಸಾಲದೆಂದು, ಸಂಘದ ಕೋಣೆಯಲ್ಲಿದ್ದ ಒಂದೇ ಒಂದು ಲೈಫ್ ಜಾಕೆಟನ್ನು ಮಡಚಿ ಅದರ ಮೇಲೆ ಮೆತ್ತೆ ಮಾಡಿದರು.

"ಸಾಹೇಬ್ರಿಗಿ ಒತ್ತಬಾರ್ದು," ಎಂದರು.

ಅವಳು ಕುರ್ಚಿಯನ್ನು ನೋಡಿದಳು, ನನ್ನನ್ನು ನೋಡಿದಳು. "ಸಾಹೇಬ್ರ, ಇದು ಬ್ಯಾಡರಿ. ಚೀಲ ಹಾಸಿ ಕೊಡ್ತೇನಿ, ಕೆಳಗ ಕುಂದ್ರಿ," ಎಂದಳು.

ದೋಣಿಯ ತಳದಲ್ಲಿ ಮೀನಿನ ಲೋಳೆ, ನಾಲ್ಕು ಬೆರಳು ನೀರು. ನನ್ನದು ಅವತ್ತೇ ಇಸ್ತ್ರಿ ಮಾಡಿದ ಪ್ಯಾಂಟು. "ಇರಲಿ ಅಕ್ಕಾ, ನಡೀತದ," ಎಂದು ಕುರ್ಚಿ ಏರಿದೆ. ಸುಳ್ಳು ಯಾಕೆ ಹೇಳಲಿ, ಚೆನ್ನಾಗಿಯೇ ಇತ್ತು. ದಂಡೆಯ ಮಂದಿಯೆಲ್ಲ ನನ್ನನ್ನು ತಲೆಯೆತ್ತಿ ನೋಡುತ್ತಿದ್ದರು.

ಬಲೆಯ ತನಕ ಅವಳು ಹೂವಿನಷ್ಟು ಹಗುರಾಗಿ ಹೋದಳು. ಬಲೆಯ ಒಂದು ತುದಿ ಹಿಡಿದು ಎತ್ತತೊಡಗಿದಾಗ ಪಡುವಲಿಂದ ಗಾಳಿ ಎದ್ದಿತು. ಆಷಾಢದ ಗಾಳಿ ಹೇಳಿ ಕೇಳಿ ಬರುವುದಿಲ್ಲ. ನೋಡನೋಡುತ್ತ ನೀರಿನ ಬಣ್ಣ ಬೂದಿಯಾಯಿತು, ಅಲೆಗಳು ದೋಣಿಯ ಪಕ್ಕೆಗೆ ಬಡಿಯತೊಡಗಿದವು. ದೋಣಿ ಎಡಕ್ಕೆ ಒಂದು ಗೇಣು ವಾಲಿದರೆ, ಮೇಲೆ ಕುಳಿತ ನಾನು ಒಂದು ಮೊಳ ವಾಲುತ್ತಿದ್ದೆ. ಕುರ್ಚಿಯ ಕಾಲು ಲೋಳೆಯ ಮೇಲೆ ಜಾರಿತು. ನಾನು ಎರಡೂ ಕೈಯಿಂದ ಒಂದೇ ಕಡೆಯ ಅಂಚನ್ನು ತಬ್ಬಿಕೊಂಡೆ. ದೋಣಿ ಇನ್ನಷ್ಟು ವಾಲಿ ಒಂದು ಬಕೀಟಿನಷ್ಟು ನೀರು ಒಳಗೆ ಕುಡಿಯಿತು.

"ಸಾಹೇಬ್ರ, ಕೆಳಗ ಕುಂದ್ರಿ."

"ಏನಾಗಂಗಿಲ್ಲ. ನೀವು ನಿಮ್ಮ ಕೆಲಸ ನೋಡ್ರಿ," ಎಂದೆ. ಜೀವ ಬಾಯಿಗೆ ಬಂದಿತ್ತು. ಆದರೆ ದಂಡೆಯಿಂದ ಅರ್ಧ ಊರು ನೋಡುತ್ತಿತ್ತಲ್ಲ, ಕುರ್ಚಿಯಿಂದ ಇಳಿದು ಮೀನಿನ ಲೋಳೆಯಲ್ಲಿ ಕುಳಿತರೆ ಸಾಹೇಬಗಿರಿ ಎಲ್ಲಿ ಉಳಿಯಿತು?

"ಭಾಲ್ಕ್ಯಾಗ ನೀವೇ ಹೇಳಿದ್ರಲ್ಲರಿ, ಅಂಚಿಗಿಂತ ಮ್ಯಾಲ ಯಾರೂ ಕುಂದ್ರಬಾರ್ದಂತ! ಮೂರು ಸರ್ತಿ ಹೇಳಿದ್ರಿ. ನಾ ಹಿಂದ ಕುಂತು ಕೇಳೇನಿ."

ಹೌದು, ಹೇಳಿದ್ದೆ. ಆದರೆ ಆ ಸೂಚನೆ ನನಗೂ ಅನ್ವಯಿಸುತ್ತದೆಂದು ಬರೆದವನಿಗೇ ತಿಳಿದಿರಲಿಲ್ಲ. ಅಷ್ಟರಲ್ಲಿ ಇನ್ನೊಂದು ದೊಡ್ಡ ಅಲೆ ಬಂತು. ಅವಳು ಬಲೆ ಬಿಟ್ಟು ತಿರುಗಿ ಕೂಗಿದಳು:

"ಏ, ಕುಂದ್ರೋ ಕೆಳಗ!"

ಇಪ್ಪತ್ತು ವರ್ಷದಲ್ಲಿ ನನ್ನನ್ನು ಯಾರೂ ಹಾಗೆ ಏಕವಚನದಲ್ಲಿ ಕೂಗಿರಲಿಲ್ಲ. ಕೊನೆಯ ಸಲ ಹಾಗೆ ಕೂಗಿದವಳು ನಮ್ಮವ್ವ, ನಾನು ಮಾಳಿಗೆಯ ಅಂಚಿನಲ್ಲಿ ನಿಂತು ಗಾಳಿಪಟ ಹಾರಿಸುತ್ತಿದ್ದಾಗ. ಬುದ್ಧಿ ಕೇಳದಿದ್ದರೂ ಮೈ ಕೇಳಿತು. ಕುರ್ಚಿಯಿಂದ ಸರ್ರನೆ ಜಾರಿ ಒದ್ದೆ ಬಲೆಯ ಮೇಲೆ ಕುಕ್ಕರಿಸಿದೆ. ಕಣಕಾಲಿನ ತನಕ ನೀರು. ಪ್ಯಾಂಟಿನ ಇಸ್ತ್ರಿಗೆ ಶಾಂತಿ ಸಿಗಲಿ.

ಆಗ ಅವಳು ಮಾಡಿದ್ದು ನನ್ನ ಹನ್ನೆರಡು ಸೂಚನೆಗಳಲ್ಲಿ ಇರಲಿಲ್ಲ. ಲೈಫ್ ಜಾಕೆಟನ್ನು ನನ್ನ ಮುಖಕ್ಕೆ ಎಸೆದು, "ತೊಡಕೋರಿ," ಎಂದಳು. 'ರಿ' ಮರಳಿ ಬಂದಿತ್ತು. ದೋಣಿಯ ಮೂತಿಯಲ್ಲಿದ್ದ ಹಗ್ಗದ ತುದಿಯನ್ನು ಕುರ್ಚಿಯ ಬೆನ್ನಿಗೂ ಕಾಲಿಗೂ ಬಿಗಿದು ಅದನ್ನು ನೀರಿಗೆ ಎಸೆದಳು. ನನಗೆ ಬುದ್ಧಿ ಕಲಿಸಲು ಸಿಟ್ಟಿನಿಂದ ಎಸೆದಳೆಂದುಕೊಂಡೆ. ಕುರ್ಚಿ ಅರ್ಧ ಮುಳುಗಿತು, ಹಗ್ಗ ಬಿಗಿಯಾಯಿತು. ನೋಡುತ್ತಿದ್ದಂತೆ ದೋಣಿಯ ಮೂತಿ ನಿಧಾನಕ್ಕೆ ಗಾಳಿಯ ಕಡೆ ತಿರುಗಿತು. ಗಾಳಿ ದೋಣಿಯನ್ನು ತಳ್ಳುತ್ತದೆ, ನೀರಿನೊಳಗಿನ ಕುರ್ಚಿ ನಡೆಯಲೊಲ್ಲದ ಎತ್ತಿನ ಹಾಗೆ ಹಿಂದೆ ಜಗ್ಗುತ್ತದೆ. ಪಕ್ಕೆಗೆ ಬಡಿಯುತ್ತಿದ್ದ ಅಲೆಗಳು ಈಗ ಮೂತಿಗೆ ಬಂದು ಸೀಳಿಹೋಗತೊಡಗಿದವು. ಆ ಬಿಡುವಿನಲ್ಲಿ ಅವಳು ಉಳಿದ ಬಲೆಯನ್ನೂ ಎತ್ತಿ ದೋಣಿಗೆ ಹಾಕಿಕೊಂಡಳು.

"ದಿನಾ ಇದಕ್ಕಂತ ಒಂದು ಬುಟ್ಟಿ ಇಟಗೋತೀವ್ರಿ. ಇವತ್ತು ನಿಮ್ಮ ಖುರ್ಚಿಗಿ ಜಾಗಾ ಆಗಬೇಕಂತ ಅಧ್ಯಕ್ಷರು ಬುಟ್ಟಿ ತೆಗದು ದಂಡಿಗಿ ಇಟ್ರು," ಎಂದಳು. ನಾನು ಮತ್ತೆ ಅಂಚು ಹಿಡಿಯಲು ಹೋದಾಗ ಕೈಗೆ ಪಟ್ ಎಂದು ಹೊಡೆದಳು. "ಅಂಚು ಹಿಡಕೋಬ್ಯಾಡ್ರಿ. ದೋಣಿನೇ ನಿಮ್ಮನ್ನ ಹಿಡಕೊಂಡದ, ನೀವು ಅದನ್ನ ಯಾಕ ಹಿಡಕೋತೀರಿ? ನಡು ಸಡ್ಲ ಬಿಟ್ಟು ಅದರ ಜೋಡಿ ಅಲಗ್ಯಾಡ್ರಿ."

ಅಲುಗಾಡಿದೆ. ಅವಳು ಒಂದು ಕೈಯಿಂದ ನೀರು ಚೆಲ್ಲುತ್ತ, ಇನ್ನೊಂದರಿಂದ ಹುಟ್ಟು ಒತ್ತುತ್ತ, ಗಾಳಿಗೆ ಎಷ್ಟು ಬೇಕೋ ಅಷ್ಟೇ ಸದರ ಕೊಡುತ್ತ ದೋಣಿಯನ್ನು ದಂಡೆಯ ಕಡೆ ಹಿಂದಿಂದಕ್ಕೆ ಬಿಟ್ಟಳು. ಹೀಗೆ ದಂಡೆಗೆ ಬೆನ್ನು ಮಾಡಿ, ಲೋಳೆಯಲ್ಲಿ ಕುಕ್ಕರಗಾಲಲ್ಲಿ ಕುಳಿತು, ಕುರ್ಚಿಯನ್ನು ನೀರಿನಲ್ಲಿ ಎಳೆದುಕೊಂಡು ಸಾಹೇಬರು ಬಂದು ಮುಟ್ಟಿದರು. ಬದುಕಿದೆಯಾ ಬಡಜೀವವೇ!

ದಂಡೆಗೆ ಕಾಲಿಟ್ಟ ಕೂಡಲೇ ಅಧ್ಯಕ್ಷರು ಶುರು ಮಾಡಿದರು. "ನೋಡಿದ್ರಿಲ್ಲ? ದೋಣಿ ಎಷ್ಟು ವಾಲ್ತು! ಊರ ಮಂದಿ ಎಲ್ಲಾ ನೋಡ್ಯಾರ. ಇಕಿ ಕೈಯಾಗ ಕೊಟ್ರ ಮುಂದ ಹೆಣ ಬರ್ತಾವರಿ."

ಎಲ್ಲರೂ ನನ್ನ ಬಾಯಿ ನೋಡಿದರು. ನಾನು ಏನಂದೆ ಗೊತ್ತೇ? "ಇವತ್ತು ಗಾಳಿ ಜಾಸ್ತಿ ಇತ್ತು. ಮುಂದಿನ ತಿಂಗಳು ಇನ್ನೊಮ್ಮೆ ನೋಡೋಣು," ಎಂದೆ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ. ತಪ್ಪನ್ನು ಗಾಳಿಯ ಮೇಲೆ ಹೇರಿದರೆ ಗಾಳಿಯೇನು ತಿರುಗಿ ಮಾತಾಡುತ್ತದೆಯೇ?

ಅವಳೂ ತಿರುಗಿ ಮಾತಾಡಲಿಲ್ಲ. ನೀರಿನಿಂದ ಕುರ್ಚಿ ಎಳೆದು ತಂದು ಕಲ್ಲಿನ ಮೇಲೆ ನೀರು ಬಸಿಯಲು ಇಟ್ಟಳು. ಅವಳ ಗಂಡ ಬೇವಿನ ಗಿಡದಿಂದ ಎದ್ದು ಬಂದು, ಸರಿಯಿದ್ದ ಒಂದೇ ಕೈಯಿಂದ ದೋಣಿಯೊಳಗಿನ ತನ್ನ ಬಲೆಯನ್ನು ಎತ್ತಿಕೊಳ್ಳತೊಡಗಿದ. ದೋಣಿ ಕೈಬಿಟ್ಟಿತೆಂದು ಅವನಿಗೆ ಆಗಲೇ ಖಾತ್ರಿಯಾಗಿತ್ತು. ಒಂದೇ ಕೈಗೆ ಒದ್ದೆ ಬಲೆ ಏಳಲಿಲ್ಲ. ಅವನು ಮತ್ತೆ ಎತ್ತಿದ, ಮತ್ತೆ ಜಾರಿತು.

ನನಗೆ ನಾಚಿಕೆಯಾಯಿತು. ಬರಿಯ ನಾಚಿಕೆಯಲ್ಲ, ನನ್ನ ಮೇಲೇ ಹೇಸಿಗೆಯಾಯಿತು. ಅರ್ಧ ಗಂಟೆಯ ಕೆಳಗೆ ನನ್ನ ಜೀವ ಉಳಿಸಿದವಳ ಅನ್ನಕ್ಕೆ ನಾನು ಒಂದು ತಿಂಗಳ ಗಡುವು ಹಾಕಿ ಕುಳಿತಿದ್ದೆ. ಫಾರಂ ತೆಗೆದೆ. ಒದ್ದೆಯಾಗಿತ್ತು, ಪೆನ್ನು ತೊಡರಿತು. ಬರೆದದ್ದನ್ನು ಗಟ್ಟಿಯಾಗಿ ಓದಿದೆ: "ದೋಣಿ ವಾಲಿದ್ದು ಪರೀಕ್ಷೆಗೆ ಬಂದ ಅಧಿಕಾರಿ ಕುರ್ಚಿಯ ಮೇಲೆ ಕುಳಿತಿದ್ದರಿಂದ. ಬೇಡವೆಂದು ಅರ್ಜಿದಾರರು ಮೂರು ಸಲ ಹೇಳಿದರೂ ಅಧಿಕಾರಿ ಕೇಳಲಿಲ್ಲ. ಆಮೇಲೆ ಅರ್ಜಿದಾರರು ಅಧಿಕಾರಿಯನ್ನೂ ದೋಣಿಯನ್ನೂ ಬಲೆಯನ್ನೂ ದಂಡೆಗೆ ತಂದರು. ಪಾಸು ಕೊಡಬಹುದು."

ಯಾರೋ ಮುದುಕಿ ಮೊದಲು ಕಿಸಕ್ಕೆಂದಳು, ಅರ್ಧ ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅಧ್ಯಕ್ಷರು ನನ್ನ ಕಿವಿಯಲ್ಲಿ, "ಹಿಂಗ ಯಾರರೆ ಬರ್ಕೊಡ್ತಾರೇನ್ರಿ ಸಾಹೇಬ್ರ?" ಎಂದು ನಿಜವಾದ ಕಳಕಳಿಯಿಂದ ಕೇಳಿದರು.

ಅವಳಿಗೆ ಪಾಸು ಬಂತು. ನನಗೆ, ಸಂಘದ ಕುರ್ಚಿಯನ್ನು ನೀರಿಗೆ ಹಾಕಲು ಬಿಟ್ಟದ್ದು ಯಾಕೆ ಎಂದು ವಿವರಣೆ ಕೇಳಿದ ಒಂದು ಪತ್ರ ಬಂತು. ಆಫೀಸಿನಲ್ಲಿ ಫೈಲು ಹೊರುವ ಚಾಚಾ ಆ ದಿನದಿಂದ ನನ್ನನ್ನು "ಕುರ್ಸಿವಾಲೆ ಸಾಬ್" ಎಂದೇ ಕರೆಯುತ್ತಾರೆ. ಕರೆಯಲಿ.

ಹೋದ ಚಳಿಗಾಲದಲ್ಲಿ ಭಾಲ್ಕಿಗೆ ಕೆಲಸದ ಮೇಲೆ ಹೋದವನು ಆ ಊರಿಗೂ ಹೋದೆ. ಅವಳ ಮನೆಯ ಅಂಗಳದಲ್ಲಿ ಗಂಡ ಹೆಂಡತಿ ಬಲೆ ಹೊಲಿಯುತ್ತ ಕುಳಿತಿದ್ದರು. ಗೋಡೆಗೆ ಅದೇ ಬಿಳಿ ಕುರ್ಚಿ ಒರಗಿತ್ತು, ಕಾಲಿಗೆ ಹಗ್ಗ ಹಾಗೇ ಇತ್ತು. ಸಂಘದವರು ಅದನ್ನು ಮರಳಿ ಕೇಳಲಿಲ್ಲವಂತೆ, ಗಾಳಿ ದಿನಗಳಲ್ಲಿ ಬುಟ್ಟಿಯ ಬದಲು ಈಗ ಅದನ್ನೇ ಒಯ್ಯುತ್ತಾಳಂತೆ. ಅವಳು ಎದ್ದು ಸೆರಗಿನಿಂದ ಅದನ್ನು ಒರೆಸಿ ನನ್ನ ಮುಂದೆ ಇಟ್ಟಳು. ನಾನು ದೊಡ್ಡ ಬುದ್ಧಿ ಕಲಿತವನ ಹಾಗೆ, "ಬ್ಯಾಡ ಅಕ್ಕಾ," ಎಂದು ವಿನಯದಿಂದ ನೆಲದ ಮೇಲೆ ಕುಳಿತೆ.

ಅವಳು ಸೊಂಟದ ಮೇಲೆ ಕೈಯಿಟ್ಟು ನನ್ನನ್ನೇ ನೋಡಿದಳು.

"ಏಳ್ರಿ ಮ್ಯಾಲ! ಮನಿಗಿ ಬಂದವ್ರು ನೆಲದ ಮ್ಯಾಲ ಕುಂತ್ರ ಮಂದಿ ನಮಗ ಏನಂತಾರ? ನೀರಾಗ ಕೆಳಗ ಕುಂದ್ರಿ ಅಂದ್ರ ಖುರ್ಚಿ ಬಿಡಲಿಲ್ಲ, ನೆಲದ ಮ್ಯಾಲ ಖುರ್ಚಿ ಕೊಟ್ರ ಕುಂದ್ರಲ್ಲ ಅಂತೀರಿ. ಎಲ್ಲಿ ಹ್ಯಾಂಗ ಕುಂದ್ರಬೇಕಂತ ನಿಮಗ ಇನ್ನೂ ತಿಳಿದೇ ಇಲ್ಲ ನೋಡ್ರಿ ಸಾಹೇಬ್ರ."